ರೊಟ್ಟಿ ಕಾಳಗ

ಕೋಟೇಶ್ವರದಿಂದ ಬೈಂದೂರಿನವರೆಗೆ ನನ್ನನ್ನು ಮಾತಿನಲ್ಲಿ ಸೋಲಿಸಿದವರು ಯಾರೂ ಇರಲಿಲ್ಲ. ಜಂಬ ಅಂತೀರಾ? ಅನ್ನಿ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವಳು ನಾನು, ಗಿರಿಜಾ ಟೀಚರ್. ನಿವೃತ್ತಿಯಾದ ಮೇಲೆ ಹೆಂಗಸರ ತಾಳಮದ್ದಲೆ ತಂಡ ಕಟ್ಟಿದೆ. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ನಾವು ಕುರ್ಚಿಯಲ್ಲಿ ಕೂತು ಆ ಪದಕ್ಕೆ ಅರ್ಥ ಹೇಳುತ್ತಾ ವಾದಕ್ಕಿಳಿಯುತ್ತೇವೆ. ಬರೆದಿಟ್ಟ ಮಾತು ಒಂದೂ ಇರುವುದಿಲ್ಲ. ಉತ್ತರ ಹೊಳೆಯದೆ ಸುಮ್ಮನಾದವಳು ಸೋತಳು, ಅಷ್ಟೇ.

ಈ ಸಲ ಪುರಾಣ ಸಾಕು ಅಂತ ನಾನೇ ಹೊಸ ಪ್ರಸಂಗದ ಪದಗಳನ್ನು ಬರೆದೆ. 1917ರ ರಷ್ಯ. ಮೂರು ವರ್ಷದಿಂದ ಯುದ್ಧ. ರೈಲೆಲ್ಲ ಸೈನ್ಯದ ಪಾಲು, ಪಟ್ಟಣಕ್ಕೆ ಹಿಟ್ಟೂ ಇಲ್ಲ, ಸೌದೆಯೂ ಇಲ್ಲ. ಚಳಿಯಲ್ಲಿ ರೊಟ್ಟಿಗೆ ಸಾಲು ನಿಂತು ಬೇಸತ್ತ ಹೆಂಗಸರು ಬೀದಿಗಿಳಿದರು. ದೂರದ ಪಾಳೆಯದಲ್ಲಿದ್ದ ಚಕ್ರವರ್ತಿ ಅವರನ್ನು ಅಡಗಿಸಿ ಅಂದ. ಸೈನಿಕರು ಒಂದು ದಿನ ಗುಂಡು ಹಾರಿಸಿದರು, ಮರುದಿನ ಒಲ್ಲೆವು ಅಂದರು. ಮುನ್ನೂರು ವರ್ಷದ ಸಿಂಹಾಸನ ಒಂದೇ ವಾರದಲ್ಲಿ ಮಗುಚಿತು. ಚಕ್ರವರ್ತಿಯ ಪಾತ್ರ ನನ್ನದು, ಮತ್ಯಾರು ಮಾಡಬೇಕು? ಸೇನಾಪತಿ ನನ್ನ ಸೊಸೆ ಅಕ್ಷಿತಾ. ಭಾಗವತಿಕೆಗೆ ಬ್ರಹ್ಮಾವರದ ಚಂದ್ರಮತಿ.

ಮನೆಯ ಕತೆಯೇ ಬೇರೆ. ಮಗ ಸುಜನ್ ತೈಲ ಸಾಗಿಸುವ ಹಡಗಿನಲ್ಲಿ ಇಂಜಿನಿಯರ್. ರಜೆ ಮುಗಿದಿತ್ತು, ಬುಧವಾರ ಹೊರಡಬೇಕು. ಹಡಗು ಹೋಗಬೇಕಾದ ಕೊಲ್ಲಿಯಲ್ಲೇ ಯುದ್ಧ. ಟಿವಿ ಹಾಕಿದರೆ ಉರಿಯುವ ಹಡಗು, ಆರಿಸಿದರೆ ಅಕ್ಷಿತಾಳ ಫೋನಿನಲ್ಲಿ ಅದೇ ಹಡಗು. ಅಲ್ಲಿಂದ ಬರುವ ಗ್ಯಾಸ್ ನಿಂತು, ಸಿಲಿಂಡರ್‌ಗೆ ಅವಳು ಕುಂದಾಪುರದಲ್ಲಿ ಬೆಳಗಿನಿಂದ ಸಾಲು ನಿಂತು ಬರಿಗೈಯಲ್ಲಿ ಬಂದಳು. ಸುಜನ್ ಜಗಲಿಯಿಂದ ಗೇಟಿಗೆ, ಗೇಟಿನಿಂದ ಜಗಲಿಗೆ ನಡೆಯುತ್ತಿದ್ದ. ಕೇಳಿದರೆ, “ಎಂತ ಇಲ್ಲಮ್ಮ.”

“ಎಂತ ಇಲ್ದಿದ್ರೆ ಕೂಕೋ ಮರಾಯ! ಎಲ್ಲರೂ ಹೆದ್ರಿ ಮನೆಯಂಗ್ ಕೂಕಂಡ್ರೆ ಹಡ್ಗ್ ನಡ್ಸೂದ್ ಯಾರ್? ಬಡ್ತಿ ಸಿಕ್ಕಿ ಚೀಫ್ ಇಂಜಿನಿಯರ್ ಆಪು ಹೊತ್ತಿಗೆ ಹಿಂದ್ ಸರಿತ್ರಾ ಯಾರಾದ್ರೂ?” ಅಂದೆ.

ಅವನು ಕೂರಲಿಲ್ಲ. ಅಕ್ಷಿತಾ ಒಳಗೆ ಹೋದಳು. ನನಗೂ ಹೆದರಿಕೆಯಿತ್ತು, ಸುಳ್ಳು ಯಾಕೆ ಹೇಳಲಿ? ಆದರೆ ನನ್ನ ಮಗ ಹೆದರುವವನಲ್ಲ ಅಂತ ಊರಿಗೆಲ್ಲ ಸಾರಿ ಆಗಿತ್ತು. ಒಮ್ಮೆ ಆಡಿದ ಮಾತನ್ನು ನಾನು ಹಿಂದೆ ತೆಗೆದುಕೊಂಡವಳಲ್ಲ.

ಭಾನುವಾರ ಮಧ್ಯಾಹ್ನ ಕೋಟೇಶ್ವರದ ಸಭಾಂಗಣ ತುಂಬಿತ್ತು. ಸುಜನ್ ಮೂರನೇ ಸಾಲಿನಲ್ಲಿ ಕೂತಿದ್ದ. ಗುಂಡು ಹಾರಿಸಲು ಸೈನಿಕರು ಒಪ್ಪುತ್ತಿಲ್ಲ ಎಂದು ಸೇನಾಪತಿ ಬಂದು ಹೇಳುವ ಪದವನ್ನು ಚಂದ್ರಮತಿ ಏರುದನಿಯಲ್ಲಿ ಹಾಡಿದಳು. ಅಕ್ಷಿತಾ ಅರ್ಥಕ್ಕೆ ತೊಡಗಿದಳು.

“ಪ್ರಭು, ಸಾಲಿನಲ್ಲಿ ನಿಂತವರು ಶತ್ರುಗಳಲ್ಲ. ನಮ್ಮ ಸೈನಿಕರ ತಾಯಂದಿರು, ಹೆಂಡಿರು. ಹೆತ್ತವಳಿಗೆ ಗುಂಡಿಕ್ಕಿದವನು ನಾಳೆ ನಿಮಗೆ ಇಕ್ಕಲಾರನೇ?”

ಚಪ್ಪಾಳೆ ಬಿತ್ತು. ಬೇರೆಯವರಿಗೆ ಚಪ್ಪಾಳೆ ಬಿದ್ದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಕುರ್ಚಿಯ ಕೈಗೆ ಬಡಿದೆ.

“ಸೇನಾಪತಿ! ಕದನದ ಹೊತ್ತಿನಲ್ಲಿ ತಾಯಿ, ಹೆಂಡತಿ ಎನ್ನುವವನು ಹೇಡಿ. ನನಗೆ ಸಾಮ್ರಾಜ್ಯದ ಮಾನ ದೊಡ್ಡದು. ಒಬ್ಬ ಸೈನಿಕ ಬಿದ್ದರೆ ಬೀಳಲಿ, ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ!”

ಇನ್ನೂ ದೊಡ್ಡ ಚಪ್ಪಾಳೆ. ಗೆದ್ದೆ ಅಂದುಕೊಂಡೆ. ಅಕ್ಷಿತಾ ನನ್ನ ಮುಖವನ್ನೇ ನೋಡಿದಳು. ಅವಳ ಕಣ್ಣು ತುಂಬಿತ್ತು.

“ಬಿದ್ದವ್ನ ಹೆಸರ್ ಎಂತ? ಒಂದ್ಸಲ ಹೇಳಿ ಕಾಂಬ, ಅತ್ತೆ.”

ತಾಳಮದ್ದಲೆಯಲ್ಲಿ ಸೇನಾಪತಿ ಕುಂದಾಪ್ರ ಕನ್ನಡ ಆಡುವಂತಿಲ್ಲ, ಅದು ಹಾಸ್ಯದ ಪಾತ್ರಕ್ಕೆ ಮಾತ್ರ. ಅದೂ ಚಕ್ರವರ್ತಿಗೆ ಅತ್ತೆ ಅನ್ನುವುದೇ! ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ನಗು ತಾನಾಗಿ ನಿಂತಿತು. ಉತ್ತರ ಕೊಡಬೇಕು. ಯಾವುದಾದರೂ ರಷ್ಯದ ಹೆಸರು ಸಾಕು. ಮೂವತ್ತೊಂದು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಹೆಸರುಗಳಲ್ಲಿ ಒಂದೂ ಬರಲಿಲ್ಲ. ನಾಲಿಗೆಯ ತುದಿಗೆ ಬಂದದ್ದು ಒಂದೇ ಹೆಸರು, ಅದನ್ನು ‘ಬಿದ್ದರೆ ಬೀಳಲಿ’ ಎಂಬ ಮಾತಿನ ಜೊತೆ ಸೇರಿಸಿ ಹೇಳಲು ನನ್ನಿಂದಾಗಲಿಲ್ಲ. ಚಂದ್ರಮತಿ ಕಾದಳು. ನನಗೆ ಉತ್ತರ ಹೊಳೆಯಲೆಂದು ಅದೇ ಪದವನ್ನು ಇನ್ನೊಮ್ಮೆ ಹಾಡಿಕೊಟ್ಟಳು. ಮದ್ದಲೆ ನಿಂತಿತು. ನನ್ನ ಉಸಿರು ಮಾತ್ರ ಮೈಕಿನಲ್ಲಿ ಕೇಳುತ್ತಿತ್ತು.

“ಸೋತೆ,” ಅಂದೆ, ಮೂರನೇ ಸಾಲಿನತ್ತ ನೋಡಿ. “ಮಗಾ, ಹೋಪುದ್ ಬ್ಯಾಡ.”

ಪ್ರಸಂಗ ಇನ್ನೂ ಮುಕ್ಕಾಲು ಗಂಟೆ ಬಾಕಿಯಿತ್ತು. ಚಂದ್ರಮತಿ ಜಾಣೆ, ಅಲ್ಲಿಗೇ ಮಂಗಳ ಹಾಡಿಬಿಟ್ಟಳು.

ಸಭಾಂಗಣದ ಹಿಂದೆ ಕಾಫಿ ಕೊಡುವಲ್ಲಿ ಸುಜನ್ ಬಂದು ಎದುರು ನಿಂತ. ಅವನ ಹಿಂದೆ ಅಕ್ಷಿತಾ.

“ಅಮ್ಮ, ನಾ ಶುಕ್ರವಾರವೇ ಕಂಪನಿಗೆ ಫೋನ್ ಮಾಡಿ ಹೇಳಿದ್ದೆ, ಬತ್ತಿಲ್ಲೆ ಅಂದೇಳಿ.”

ನಾನು ಅಕ್ಷಿತಾಳನ್ನು ನೋಡಿದೆ. ಅವಳು ತಲೆ ತಗ್ಗಿಸಿದಳು. ಇವಳಿಗೂ ಗೊತ್ತಿತ್ತು. ಎರಡು ದಿನದಿಂದ ನನ್ನದೇ ಮನೆಯಲ್ಲಿ ಎಲ್ಲ ತೀರ್ಮಾನವಾಗಿ ಹೋಗಿತ್ತು, ನಾನೊಬ್ಬಳು ಸುಮ್ಮನೆ ಅಪ್ಪಣೆ ಕೊಡುತ್ತಿದ್ದೆ.

“ನನ್ ಹತ್ರ ಎಂತಕ್ಕ್ ಹೇಳ್ಲಿಲ್ಲ?”

“ಹೆದ್ರಿಕಿ ಆಯ್ತ್.”

“ಬಾಂಬಿಗಾ?”

“ಅಲ್ಲಮ್ಮ. ನಿಂಗೆ.”

ಬೈಯಲು ಬಾಯಿ ತೆರೆದೆ. ಅಳು ಬಂತು.