ಹದಿಮೂರು ಸಾವಿರ ಅಡಿಯ ಸದ್ದು

ನನಗೆ ಮರೆವಿನವರನ್ನು ಕಂಡರೆ ಆಗುವುದಿಲ್ಲ. ಪುಟ್ಟೇನಹಳ್ಳಿಯಲ್ಲಿ ಇಪ್ಪತ್ತಾರು ವರ್ಷದಿಂದ ಬೈಕ್ ಗ್ಯಾರೇಜು ಇಟ್ಟಿದ್ದೇನೆ. ಸರ್ವಿಸ್ ತಾರೀಕು ಮರೆತು ಬಂದ ಯಾರನ್ನೂ ಮಂಗಳಾರತಿ ಎತ್ತದೆ ಕಳಿಸಿದವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಬೆಳಗ್ಗೆ ಏಳೂಕಾಲಿಗೆ ಮಗಳು ವಿಭಾ ಲಡಾಖಿನ ಬೆಟ್ಟದಿಂದ ಫೋನ್ ಮಾಡಿದಳು. ಎಂಟಕ್ಕೆ ಅವಳ ಮೊದಲ ಬೈಕ್ ರ‍್ಯಾಲಿ ಶುರು. ಎರಡು ವರ್ಷದಿಂದ ಅವಳಿಗೆ ಬೇರೆ ಯೋಚನೆಯೇ ಇರಲಿಲ್ಲ.

"ಅಪ್ಪಾ, ಗಾಡಿ ಎಳೀತಾನೇ ಇಲ್ಲ. ಬರೀ ಕಪ್ಪು ಹೊಗೆ. ಪ್ಲಗ್ ನೋಡಿದ್ರೆ ಕಾಡಿಗೆ ಹಚ್ಚಿದಂಗಿದೆ."

"ಇನ್ನೇನಾಗುತ್ತೆ? ಹದಿಮೂರು ಸಾವಿರ ಅಡಿ ಕಣೇ ಅದು. ಜೆಟ್ ಬದಲಾಯಿಸು ಅಂತ ಬಡ್ಕೊಂಡಿದ್ನಲ್ಲ!"

ಜೆಟ್ಟೆಂದರೆ ಕಾರ್ಬೊರೇಟರಿನೊಳಗೆ ಕೂರುವ ಕಡಲೆಕಾಳಿನಷ್ಟು ಹಿತ್ತಾಳೆ ಚೂರು. ಅದರ ತೂತು ಎಷ್ಟಿದೆಯೋ ಎಂಜಿನ್ನಿಗೆ ಅಷ್ಟು ಪೆಟ್ರೋಲು. ಮೇಲೆ ಹೋದಷ್ಟೂ ಗಾಳಿ ತೆಳು, ತೂತು ಸಣ್ಣದಿರಬೇಕು. ಚಳಿಗೆ ಗಾಳಿ ದಟ್ಟ, ತೂತು ತುಸು ದೊಡ್ಡದಿರಬೇಕು. ಎರಡರ ಜಗಳ ಬಿಡಿಸಿ, ಒಂದು ವಾರ ತಲೆ ಕೆಡಿಸಿಕೊಂಡು, ನಾನೇ ಮೂರು ಜೆಟ್ ಆರಿಸಿ ಪೊಟ್ಟಣ ಕಟ್ಟಿದ್ದೆ.

"ಪೊಟ್ಟಣ ಸಿಗ್ತಿಲ್ಲಪ್ಪ. ಬ್ಯಾಗೆಲ್ಲ ಸುರಿದು ನೋಡ್ದೆ."

ಪಿತ್ತ ನೆತ್ತಿಗೇರಿತು. "ಒಂದು ಪೊಟ್ಟಣ ಇಟ್ಕೊಳೋ ಯೋಗ್ಯತೆ ಇಲ್ಲ, ನಿನಗೊಂದು ರ‍್ಯಾಲಿ ಬೇರೆ ಕೇಡು!"

ಅಷ್ಟರಲ್ಲಿ ಹೆಂಡತಿ ಸೌಮ್ಯ ದೇವರ ಮನೆಯಿಂದ ಬಂದು ಅಂಗೈ ಚಾಚಿದಳು. ಬನಶಂಕರಿ ಅಮ್ಮನ ಫೋಟೊ ಹಿಂದೆ ಜಾರಿಬಿದ್ದಿತ್ತಂತೆ ಪೊಟ್ಟಣ. ಅದರ ಮೇಲೆ ಒಣಗಿದ ಕುಂಕುಮ.

"ರೀ, ಪೂಜೆಗೆ ಅಂತ ಇಟ್ಟೋರು ನೀವೇ ಅಲ್ವಾ?"

ಹೌದು, ನಾನೇ. ಯಾವ ಹೊಸ ಪಾರ್ಟ್ ಆಗಲಿ, ಅಮ್ಮನ ಮುಂದಿಡದೆ ಗಾಡಿಗೆ ಹಾಕುವವನಲ್ಲ. ಇಟ್ಟೆ, ಕೈಮುಗಿದೆ, ಬೈಕನ್ನು ಲಾರಿಗೆ ಹತ್ತಿಸುವ ಗಡಿಬಿಡಿಯಲ್ಲಿ ಎದ್ದು ಬಂದೆ.

"ಪುಟ್ಟಾ, ಇಲ್ಲೇ ಇದೆ ಕಣೇ. ನಾನೇ ಮರ್ತೆ." ಅಷ್ಟು ಹೇಳುವಾಗ ನಾಚಿಕೆಯಿಂದ ಸತ್ತುಹೋಗಿದ್ದೆ.

"ಅಯ್ಯೋ ಬಿಡಪ್ಪ. ಈಗೇನ್ ಮಾಡ್ಲಿ ಹೇಳು."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಯಾರ ಹತ್ತಿರವಾದರೂ ಕೇಳು ಎಂದೆ. ಉಳಿದವರದ್ದೆಲ್ಲ ಕಾರ್ಬೊರೇಟರೇ ಇಲ್ಲದ ಇಂಜೆಕ್ಷನ್ ಗಾಡಿಗಳಂತೆ, ಅವಕ್ಕೆ ಜೆಟ್ಟೇ ಇಲ್ಲ.

ಪೆಟ್ರೋಲು ಆದಷ್ಟು ಕಡಿಮೆಯಾಗಲೆಂದು ಕಾರ್ಬೊರೇಟರ್ ಬಿಚ್ಚಿಸಿ ನೀಡಲ್ ಕ್ಲಿಪ್ಪನ್ನು ಮೇಲಿನ ಗೀರಿಗೆ ಏರಿಸಲು ಹೇಳಿದೆ. ಏರ್ ಸ್ಕ್ರೂ ಒಂದು ಸುತ್ತು ಸಡಿಲಿಸು ಎಂದೆ. "ಈಗ ಸ್ಟಾರ್ಟ್ ಮಾಡಿ ಫೋನ್ ಹತ್ರ ಹಿಡಿ."

ನಾನು ಕಿವಿಯಿಂದ ಟ್ಯೂನಿಂಗ್ ಮಾಡುವವನು. ಕಿವಿಗೆ ಏನೂ ಬರಲಿಲ್ಲ. ಹಾಳು ಫೋನು ಎಂಜಿನ್ ಸದ್ದನ್ನು ಗಲಾಟೆ ಎಂದುಕೊಂಡು ಅಳಿಸಿಹಾಕುತ್ತಿತ್ತು, ಅವಳ ಮಾತನ್ನು ಮಾತ್ರ ಬಿಡುತ್ತಿತ್ತು.

"ಕೇಳಿಸ್ತಿಲ್ಲ ಪುಟ್ಟಾ."

"ಇರು, ನಾನೇ ಮಾಡಿ ತೋರಿಸ್ತೀನಿ."

ಚಿಕ್ಕವಳಿದ್ದಾಗ ಗ್ಯಾರೇಜಿನ ಸ್ಟೂಲ್ ಮೇಲೆ ಕೂತು ಬಂದ ಗಾಡಿಗಳ ಸದ್ದನ್ನೆಲ್ಲ ಬಾಯಲ್ಲಿ ಮಾಡುತ್ತಿದ್ದಳು. ಈಗಲೂ ಮಾಡಿದಳು. "ಬೊಳ್... ಬೊಳ್ ಬೊಳ್... ಬೊಳ್." ಇನ್ನೂ ಪೆಟ್ರೋಲ್ ಜಾಸ್ತಿ, ಉಸಿರು ಕಟ್ಟಿದೆ. ಸ್ಕ್ರೂ ಇನ್ನರ್ಧ ಸುತ್ತು ಎಂದೆ. "ಬೊಳ್ ಬೊಳ್..." ನನ್ನ ವಿದ್ಯೆ ಅಲ್ಲಿಗೆ ಮುಗಿದಿತ್ತು. ಗಾಡಿಯಲ್ಲಿದ್ದ ಆ ಹಳೇ ಜೆಟ್ಟಿನಲ್ಲಿ ಅವಳು ಮೊದಲ ಏರನ್ನೂ ಹತ್ತಲಾರಳು. ಹೇಗೆ ಹೇಳಲಿ? ಸೌಮ್ಯ ಕೊಟ್ಟ ಪೊಟ್ಟಣವನ್ನೇ ತಿರುಗಿಸುತ್ತ ಕೂತೆ.

"ಅಪ್ಪಾ? ಸ್ಟಾರ್ಟ್‌ಗೆ ಕರೀತಿದಾರೆ." ಆಮೇಲೆ, "ಏ, ಈಗ ಸರಿಹೋಯ್ತು ನೋಡು!" ಎಂದು ಸದ್ದು ಮಾಡಿದಳು. "ಡುರ್‌ರ್‌ರ್‌ರ್..." ಎಲ್ಲೂ ತೊದಲಲಿಲ್ಲ. ನಮ್ಮ ಗ್ಯಾರೇಜಿನ ಮುಂದೆ ನಿಂತಾಗ ಆ ಗಾಡಿ ಮಾಡುತ್ತಿದ್ದ ಸದ್ದು.

ಆ ಎತ್ತರದಲ್ಲಿ, ಆ ಜೆಟ್ಟಿನಲ್ಲಿ ಆ ಸದ್ದು ಬರುವುದಿಲ್ಲ. ಅದು ಅವಳಿಗೂ ಗೊತ್ತು. ಕಲಿಸಿದವನು ನಾನೇ.

"ಕೇಳಿಸ್ತಾ ಅಪ್ಪ?"

"ಸಖತ್ತಾಗಿದೆ ಕಣೇ. ಹೋಗ್ ಬಾ."

ಕಾಲ್ ಕಟ್ಟಾಯಿತು. ಪೊಟ್ಟಣ ಇನ್ನೂ ಕೈಯಲ್ಲೇ ಇತ್ತು.

"ಗಾಡಿ ಸರಿಹೋಯ್ತಾ?" ಸೌಮ್ಯ ಕೇಳಿದಳು.

"ಹ್ಞೂಂ," ಎಂದೆ. "ಸರಿಹೋಯ್ತಂತೆ."