ಕದಿರಪ್ಪನವರ ಮಾತು, ಗಂಗಾಲಕ್ಷ್ಮಿಯ ಬಸ್ಸು

ಶಾಸಕ ಕದಿರಪ್ಪನವರು ಬಾಯಿ ಬಿಟ್ಟರೆ ಅದೇ ಒಂದು ಸುದ್ದಿ. ಅಷ್ಟು ಕಡಿಮೆ ಮಾತಿನ ರಾಜಕಾರಣಿ ಈ ಸೀಮೆಯಲ್ಲಿ ಹಿಂದೆ ಹುಟ್ಟಿರಲಿಲ್ಲ. ಚುನಾವಣೆ ಗೆದ್ದ ದಿನ, ಭಾಷಣ ಎಲ್ಲಿ ಸಾರ್ ಎಂದು ಕೇಳಿದವರಿಗೆ, "ಸೋತೋನು ಮಾಡ್ತಾವ್ನೆ, ಅಲ್ಲಿ ಹೋಗಿ ಕೇಳ್ರಿ" ಎಂದು ಕಾರು ಹತ್ತಿದ್ದರು. ಇಂಥ ಮಾತುಗಳನ್ನೆಲ್ಲ ಆರಿಸಿ ಫ್ಲೆಕ್ಸ್ ಮಾಡಿಸಿ ಜನ ಅವರನ್ನು ದೇವರ ಪಕ್ಕ ಕೂರಿಸಿಬಿಟ್ಟರು.

ಅವುಗಳಲ್ಲಿ ಎಲ್ಲಕ್ಕಿಂತ ಹೆಸರಾದ ಮಾತು ಬಿದ್ದದ್ದು ಗಂಗಾಲಕ್ಷ್ಮಿಯ ತಲೆಯ ಮೇಲೆ. ಅವಳ ಮಗಳು ತ್ರಿವೇಣಿ ಏಳನೇ ಕ್ಲಾಸು ಪಾಸಾದ ವರ್ಷ ಅದು. ಹೈಸ್ಕೂಲು ಇದ್ದದ್ದು ತಾಯಲೂರಿನಲ್ಲಿ, ಅವರ ಹಳ್ಳಿಗೆ ಬಸ್ಸಿಲ್ಲ. ಕೆರೆಕಟ್ಟೆ ದಾಟಿ, ಕುಡುಕರು ಬಿದ್ದಿರುವ ಮಾವಿನ ತೋಪಿನ ನಡುವೆ ಹುಡುಗಿ ಒಂಟಿಯಾಗಿ ಹೋಗಬೇಕು. ತಾಯಲೂರಿನ ಅಹವಾಲು ಸಭೆಯಲ್ಲಿ ಗಂಗಾಲಕ್ಷ್ಮಿ ಎದ್ದು ನಿಂತು ಇದನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿದಳು. ಕದಿರಪ್ಪನವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ, "ಇಷ್ಟೊತ್ತು ಮಾತಾಡೋ ಬದಲು ನಡೆದಿದ್ರೆ ಊರು ಸೇರಿರ್ತಿದ್ದೆ ಕಣಮ್ಮ" ಎಂದರು.

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. "ಏಂ ಮಾಟರಾ ಅದಿ!" ಎಂದು ಮುದುಕನೊಬ್ಬ ತೆಲುಗಿನಲ್ಲೇ ಆ ಮಾತನ್ನು ಹೊಗಳಿ ತೊಡೆ ತಟ್ಟಿದ. ಆ ನಗೆಯಲ್ಲಿ ಬಸ್ಸಿನ ವಿಷಯ ಕೊಚ್ಚಿಕೊಂಡು ಹೋಯಿತು. ತ್ರಿವೇಣಿ ಓದು ಬಿಟ್ಟು, ಮೀಸೆ ಬಲಿಯದ ಸೋದರಮಾವನನ್ನು ಕಟ್ಟಿಕೊಂಡು ಅದೇ ಊರಿನಲ್ಲೇ ಉಳಿದಳು. ಮಾತು ಮಾತ್ರ ಶಾಲೆಯ ಗೋಡೆ ಹತ್ತಿತು. ಮಕ್ಕಳಿಗೆ ಸ್ಫೂರ್ತಿಯಂತೆ!

ಕದಿರಪ್ಪನವರು ತೀರಿಕೊಂಡರು. ಶಿಲ್ಪಿಗಳ ಊರು ಶಿವಾರಪಟ್ಟಣದಲ್ಲಿ ಅವರ ಕಲ್ಲಿನ ಪ್ರತಿಮೆ ಕೆತ್ತಿಸಿ, ಪೀಠದ ಮೇಲೆ ಅದೇ ಮಾತನ್ನು ಬರೆಸಿ, ತಾಯಲೂರಿನಲ್ಲಿ ನಿಲ್ಲಿಸಿದರು. ಪ್ರತಿಮೆ ಸಮಿತಿಯ ಅಧ್ಯಕ್ಷ ಕಾಂತರಾಜ್ ಗಂಗಾಲಕ್ಷ್ಮಿಯ ಮನೆ ಹುಡುಕಿಕೊಂಡು ಬಂದ.

"ಗಂಗಕ್ಕಾ, ಆ ಮಾತು ಹೇಳಿಸ್ಕೊಂಡ ಪುಣ್ಯವಂತೆ ನೀನು. ಅನಾವರಣದ ದಿನ ವೇದಿಕೆ ಮೇಲೆ ಕೂತ್ಕೊಂಡು ಎರಡು ಒಳ್ಳೆ ಮಾತಾಡು ಸಾಕು."

ಪುಣ್ಯವಂತೆಯಂತೆ, ಇವನ ಮನೆ ಹಾಳಾಗ! ಪೊರಕೆ ತಗೊಂಡು ಅಟ್ಟಬೇಕೆನ್ನಿಸಿತು ಗಂಗಾಲಕ್ಷ್ಮಿಗೆ. ಆದರೆ ತ್ರಿವೇಣಿಯ ಮಗಳು ದಿವ್ಯ ಈಗ ಏಳನೇ ಕ್ಲಾಸು. ಹೆಂಗಸರಿಗೆ ಬಸ್ಸು ಫ್ರೀ ಎಂದು ಊರೂರಲ್ಲಿ ಸಂಭ್ರಮ. ಬಸ್ಸೇ ಬಾರದ ಊರಿನ ಹೆಂಗಸರು ಏನು ಹತ್ತಬೇಕು, ಹುಣಸೆಮರವನ್ನೇ?

"ಎಮ್ಮೆಲ್ಲೆ ಮುಂದೆ ಬಸ್ ಕೇಳೋಕೆ ಬಿಡ್ತೀಯೇನಪ್ಪಾ?"

"ಕೇಳಕ್ಕಾ, ಯಾರು ಬೇಡ ಅಂದ್ರು?"

ಸಮಾರಂಭದ ಬೆಳಿಗ್ಗೆ ಆ ಹಳ್ಳಿಯ ಅರಳಿಕಟ್ಟೆಯ ಮುಂದೆ ಸರ್ಕಾರಿ ಬಸ್ಸೊಂದು ಬಂದು ನಿಂತಿತು. ಜನ ತುಂಬಿಸಿಕೊಂಡು ಹೋಗಲು ಸಮಿತಿಯವರು ಕಳಿಸಿದ್ದು. ದಿವ್ಯ ಓಡಿಹೋಗಿ ಕಿಟಕಿ ಪಕ್ಕದ ಸೀಟು ಹಿಡಿದಳು. ಅಜ್ಜಿ ಅವಳ ಪಕ್ಕ ಕೂತಳು.

ವೇದಿಕೆಯಲ್ಲಿ ಕದಿರಪ್ಪನವರ ಮಗ, ಈಗಿನ ಶಾಸಕ ಅರುಣ್‌ಕುಮಾರ್, ಅವಳಿಗೆ ಶಾಲು ಹೊದಿಸಿದ. ಗಂಗಾಲಕ್ಷ್ಮಿ ಈ ಸಲ ಉದ್ದ ಎಳೆಯಲಿಲ್ಲ. "ಸ್ವಾಮಿ, ನಮ್ಮೂರಿಗೆ ದಿನಾ ಒಂದು ಬಸ್ ಬಿಡ್ಸಿ. ನನ್ನ ಮಗಳಂತೂ ಓದ್ಲಿಲ್ಲ, ಮೊಮ್ಮಗಳಾದ್ರೂ ಓದ್ಲಿ" ಎಂದಳು.

ಅರುಣ್‌ಕುಮಾರ್ ತಾನು ಯಾರ ಮಗ ಎಂದು ತೋರಿಸಬೇಡವೇ? ಅಪ್ಪನ ಹಾಗೇ ಕಣ್ಣು ಮುಚ್ಚಿದ. ಆಮೇಲೆ ಮೈಕಿನ ಕಡೆ ಬಾಗಿ, "ಬೆಳಿಗ್ಗೆ ಬಂತಲ್ಲಮ್ಮಾ ಬಸ್ಸು, ನೋಡ್ಲಿಲ್ವಾ?" ಎಂದ.

ಶಾಮಿಯಾನವೆಲ್ಲ ನಗೆ. ಅವಳ ಊರಿನವರೂ ನಕ್ಕರು. ಗಂಗಾಲಕ್ಷ್ಮಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಮೈಕು ಬಿಡಲಿಲ್ಲ.

"ನೋಡ್ದೆ ಸ್ವಾಮಿ. ನಿಮ್ಮಪ್ಪ ಸತ್ತು ಕಲ್ಲಾದ ಮೇಲೆ ಒಂದಿನ ಬಂತು. ಇನ್ನೊಂದ್ಸಲ ಬರ್ಬೇಕಾದ್ರೆ ನೀವು ಕಲ್ಲಾಗೋ ಗಂಟ ಕಾಯ್ಬೇಕಾ?"

ಯಾರೂ ನಗಲಿಲ್ಲ. ತೊಡೆ ತಟ್ಟುವವರೂ ಇರಲಿಲ್ಲ. ಶಾಸಕನ ಮುಖ ಸುಟ್ಟ ಬದನೆಕಾಯಿಯಾಯಿತು, ಕಾಂತರಾಜ್ ಓಡಿಬಂದು ಮೈಕು ಕಿತ್ತುಕೊಂಡ.

ಸಂಜೆ ಬಸ್ಸು ಹೊರಡುವಾಗ ಕಾಂತರಾಜನೇ ಬಾಗಿಲಿಗೆ ಅಡ್ಡ ಕೈ ಇಟ್ಟು ನಿಂತಿದ್ದ. "ನಿನಗೆ ಜಾಗ ಇಲ್ಲಕ್ಕಾ" ಎಂದ. ಒಳಗೆ ಅರ್ಧ ಬಸ್ಸು ಖಾಲಿಯಿತ್ತು. ಗಂಗಾಲಕ್ಷ್ಮಿ ಶಾಲನ್ನು ಅವನ ಕೈಗೆ ತುರುಕಿ, ದಿವ್ಯಳ ಕೈ ಹಿಡಿದು ತೋಪಿನ ದಾರಿ ಹಿಡಿದಳು. ಬಸ್ಸು ಅವರನ್ನು ದಾಟಿಕೊಂಡು ಹೋಯಿತು. ಕಿಟಕಿಗಳಲ್ಲಿ ಅವಳ ಊರಿನವರೇ ಕೂತಿದ್ದರು, ಒಬ್ಬರೂ ನಿಲ್ಲಿಸು ಅನ್ನಲಿಲ್ಲ.