ತಕ್ಕಡಿಯ ಮೇಲೆ ಮೊಮ್ಮಗ

ಬೇಕರಿ ಅಜ್ಜನ ಮನೆಗೆ ಮೊಮ್ಮಗ ಬಂದ. ಬರಬೇಕಾದ್ದಕ್ಕಿಂತ ಎರಡು ತಿಂಗಳು ಮುಂಚೆಯೇ ಬಂದ. ಆಸ್ಪತ್ರೆಯವರು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡು, "ಇನ್ನು ಮನೆಗೆ ಕರೆದುಕೊಂಡು ಹೋಗಿ" ಎಂದ ದಿನ ಅಜ್ಜ ಬೀದಿಗೆಲ್ಲ ಬಿಸ್ಕತ್ತು ಹಂಚಿದ. ಬಿಸ್ಕತ್ತು ತಿಂದವರೆಲ್ಲ ಮಗುವನ್ನು ನೋಡಲು ಬಂದರು. ನೋಡಿದವರ ಮುಖ ಸಪ್ಪಗಾಯಿತು.

ಎದುರಿನ ಇಸ್ತ್ರಿ ಅಂಗಡಿಯವಳಂತೂ ಬಾಯಿ ಬಿಟ್ಟೇ ಹೇಳಿದಳು. "ಅಯ್ಯೋ, ಅಂಗೈಯಗಲ ಇದೆಯಲ್ಲಪ್ಪ! ನಮ್ಮ ಮಗಳ ಕೂಸೂ ಅದೇ ವಾರ ಹುಟ್ಟಿದ್ದು. ಆಗಲೇ ಮುಖ ನೋಡಿ ನಗುತ್ತೆ. ನಿಮ್ಮದು ಬರೀ ನಿದ್ದೆ."

ಅಜ್ಜನಿಗೆ ಆ ಮಾತು ಮುಳ್ಳಿನಂತೆ ಚುಚ್ಚಿತು. "ನೋಡ್ತಿರು ತಾಯಿ. ಇವರಪ್ಪನೂ ಹೀಗೇ ಬಂದೋನು. ಅವನನ್ನ ಬನ್ನು ಮಾಡ್ಲಿಲ್ವಾ ನಾನು?" ಎಂದ.

ಈ ಮಾತಿನ ಹಿಂದೆ ಒಂದು ಕಥೆಯಿತ್ತು. ಬೇಕರಿಗೆ ಬಂದವರಿಗೆಲ್ಲ ಬ್ರೆಡ್ಡಿನ ಜೊತೆ ಆ ಕಥೆ ಪುಕ್ಕಟೆ. ಅಜ್ಜನ ಮಗನೂ ದಿನ ತುಂಬುವ ಮೊದಲೇ ಹುಟ್ಟಿದವನು. ಆಗ ಗಾಜಿನ ಪೆಟ್ಟಿಗೆ ಎಲ್ಲಿ ಬರಬೇಕು? ಅಜ್ಜ ಬ್ರೆಡ್ಡಿಡುವ ಮರದ ಪೆಟ್ಟಿಗೆಗೆ ಹತ್ತಿ ಹಾಸಿ, ಒಲೆಯ ಹಿಂದಿನ ಗೂಡಿನಲ್ಲಿ ಇಟ್ಟಿದ್ದ. ಹಗಲೆಲ್ಲ ಇಟ್ಟಿಗೆ ಗೋಡೆ ಬೆಚ್ಚಗಿರುತ್ತಿತ್ತು. ಬೆಂದ ಬ್ರೆಡ್ಡಿನ ಪರಿಮಳ ಇಡೀ ಬೀದಿಗೆ ಹರಡುತ್ತಿತ್ತು. ಆ ಕಾಲದಲ್ಲಿ ಅಜ್ಜನ ತೋಳಿಗೆ ಬಲವಿತ್ತು, ಹೆಂಡತಿ ಗಲ್ಲಾಪೆಟ್ಟಿಗೆಯ ಹತ್ತಿರ ನಿಂತು ನಗುತ್ತಿದ್ದಳು, ಬೆಳಗಾದರೆ ಬಾಗಿಲಲ್ಲಿ ಜನ ಸಾಲುಗಟ್ಟುತ್ತಿದ್ದರು. "ನನ್ನ ಒಲೆಯೇ ನನ್ನ ಮಗನನ್ನ ಉಳಿಸ್ತು. ಆಮೇಲೆ ಸಕ್ಕರೆ ಹಾಲು ಕುಡಿಸಿ ಕುಡಿಸಿ ಉಬ್ಬಿಸಿದೆ" ಎಂದು ಅಜ್ಜ ಕಥೆ ಮುಗಿಸುತ್ತಿದ್ದ. ಮಗುವಿನ ಕೆನ್ನೆ ಹಿಂಡಲೆಂದೇ ಜನ ಬರುತ್ತಿದ್ದರಂತೆ. ಬನ್ನು ಎಂಬ ಹೆಸರು ಅಂಟಿಕೊಂಡದ್ದು ಆಗಲೇ.

ಆ ಬನ್ನುವೇ ಈಗ ಬೇಕರಿ ನಡೆಸುವುದು. ನಲವತ್ತಕ್ಕೆ ಮೊದಲೇ ಅವನಿಗೆ ಸಕ್ಕರೆ ಕಾಯಿಲೆ, ಬಿ.ಪಿ. ಮಾತ್ರೆ ಬೇರೆ. ದಿನವೆಲ್ಲ ಬನ್ ಬೇಯಿಸುತ್ತಾನೆ, ಒಂದು ಚೂರು ಬಾಯಿಗೆ ಹಾಕುವಂತಿಲ್ಲ.

ಮನೆ ಮನೆಗೆ ಬಂದು ಬಾಣಂತಿ ಕೂಸುಗಳನ್ನು ನೋಡುವ ನರ್ಸು ಅದೇ ಬೀದಿಯಲ್ಲಿ ಬೆಳೆದವಳು. ಚಿಕ್ಕವಳಿದ್ದಾಗ ಒಡೆದ ಬಿಸ್ಕತ್ತಿನ ಪೊಟ್ಟಣಕ್ಕಾಗಿ ಬೇಕರಿಯ ಕಟ್ಟೆ ಹಿಡಿದು ನಿಲ್ಲುತ್ತಿದ್ದಳು. ಅಜ್ಜನ ಬಾಯಲ್ಲಿ ಅವಳು ಇಂದಿಗೂ ಚೂರುಬಿಸ್ಕತ್ತು.

"ಮಾಮ, ಎದುರಿನವರ ಕೂಸಿನ ಜೊತೆ ಇವನನ್ನ ಹೋಲಿಸಬೇಡಿ" ಎಂದಳು ಅವಳು. "ಇವನು ಎರಡು ತಿಂಗಳು ಮುಂಚೆ ಬಂದಿದ್ದಾನೆ. ಬೆಳವಣಿಗೆ ನೋಡುವಾಗ ಆ ಎರಡು ತಿಂಗಳು ಕಳೆದೇ ಲೆಕ್ಕ ಹಾಕ್ಬೇಕು. ತಾಯಿ ಹಾಲು, ಡಾಕ್ಟರು ಬರೆದುಕೊಟ್ಟ ಹನಿ ಔಷಧಿ, ಮೈಗೆ ಮೈ ತಾಗಿಸಿ ಬೆಚ್ಚಗಿಡೋದು. ಸದ್ಯಕ್ಕೆ ಇಷ್ಟೇ ಸಾಕು."

"ಆಯ್ತು ಕಣೇ ಚೂರುಬಿಸ್ಕತ್ತು, ದೊಡ್ಡ ಡಾಕ್ಟರಾಗಿಬಿಟ್ಟೆ!" ಎಂದು ಅಜ್ಜ ನಕ್ಕ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗಾಯಿತು.

ಅವಳು ಅತ್ತ ಹೋದದ್ದೇ ತಡ, ಅಜ್ಜ ಬೇಕರಿಯ ತಕ್ಕಡಿ ಒರೆಸಿದ. ಒಂದು ತಟ್ಟೆಗೆ ಟವೆಲ್ ಹಾಸಿ ಮೊಮ್ಮಗನನ್ನು ಮಲಗಿಸಿದ. ಇನ್ನೊಂದು ತಟ್ಟೆಗೆ ಬ್ರೆಡ್ಡು ಏರಿಸಿದ. "ಐದು ಬ್ರೆಡ್ಡು, ಒಂದು ಬನ್ನು!" ಎಂದು ಕೂಗಿದ. ಬ್ರೆಡ್ ಕೊಳ್ಳಲು ಬಂದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ದಿನಾ ಬೆಳಿಗ್ಗೆ ಇದೇ ಕೆಲಸ. ಒಂದು ದಿನ ಬನ್ನಿನಷ್ಟು ಹೆಚ್ಚಾದರೆ ಅಜ್ಜನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮರುದಿನ ಅಷ್ಟೇ ಇದ್ದರೆ ಊಟ ಸೇರುತ್ತಿರಲಿಲ್ಲ.

ಆತುರಗಾರನಿಗೆ ಬುದ್ಧಿ ಮಟ್ಟ. ಸೊಸೆ ಸ್ನಾನಕ್ಕೆ ಹೋದಾಗಲೆಲ್ಲ ಅಜ್ಜ ಬಿಸ್ಕತ್ತು ಪುಡಿ ಮಾಡಿ, ಹಸುವಿನ ಹಾಲಿನಲ್ಲಿ ಕಲಸಿ, ಮೇಲೊಂದಿಷ್ಟು ಸಕ್ಕರೆ ಹಾಕಿ ಚಮಚದಲ್ಲಿ ಕುಡಿಸತೊಡಗಿದ. ಯಾರಿಗೂ ಹೇಳಲಿಲ್ಲ. ಭಾರ ಏರಿತು. ಕೆನ್ನೆಯಲ್ಲಿ ಕೊಂಚ ಕೊಬ್ಬು ಕಂಡಿತು. ಹಳೆಯ ಬನ್ನುವೇ ಮರಳಿ ಬಂದಂತಾಗಿ ಅಜ್ಜನ ಕಣ್ಣು ತುಂಬಿತು.

"ಮಾವ, ಇವನು ಯಾಕೋ ಎದೆಹಾಲು ಸರಿಯಾಗಿ ಕುಡೀತಿಲ್ಲ. ನೆನ್ನೆಯಿಂದ ನೀರು ನೀರಾಗಿ ಹೋಗ್ತಿದೆ" ಎಂದಳು ಸೊಸೆ ಒಂದು ಬೆಳಿಗ್ಗೆ.

"ಹೊಟ್ಟೆ ತುಂಬಿದೆ, ಅದಕ್ಕೇ ಕುಡೀತಿಲ್ಲ. ಕೂಸುಗಳಿಗೆ ಅದೆಲ್ಲ ಇದ್ದದ್ದೇ" ಎಂದ ಅಜ್ಜ.

ಅಷ್ಟರಲ್ಲಿ ನರ್ಸು ಒಳಗೆ ಬಂದಳು. ಅಜ್ಜ ಮೊಮ್ಮಗನನ್ನು ತಕ್ಕಡಿಯಲ್ಲಿಟ್ಟು ತೋರಿಸಿದ. "ನೋಡೇ, ಏಳು ಬ್ರೆಡ್ಡು ದಾಟಿದ! ಎಷ್ಟು ಹಾಯಾಗಿ ನಿದ್ದೆ ಮಾಡ್ತಿದ್ದಾನೆ ನೋಡು!"

ಅವಳು ನಗಲಿಲ್ಲ. ಮಗುವಿನ ಪಾದ ಮುಟ್ಟಿದಳು, ಹೊಟ್ಟೆ ಮುಟ್ಟಿದಳು. ಅಂಗಾಲು ತಟ್ಟಿದಳು. ಮಗು ಅಳಲಿಲ್ಲ, ಕಣ್ಣೂ ಬಿಡಲಿಲ್ಲ.

"ಮಾಮ, ಇದು ನಿದ್ದೆ ಅಲ್ಲ. ಮೈ ತಣ್ಣಗಿದೆ. ಈಗಲೇ ಹೊರಡಬೇಕು."

ನರ್ಸು ಮಗುವಿನ ಬಟ್ಟೆ ಬಿಚ್ಚಿ, ತಲೆಗೆ ಟೋಪಿ ಹಾಕಿ, ತಾಯಿಯ ಬರಿಯೆದೆಗೆ ಒರಗಿಸಿ ಮೇಲೆ ಹೊದಿಸಿದಳು. ಬ್ರೆಡ್ ಸಾಗಿಸುವ ವ್ಯಾನನ್ನೇ ಬನ್ನು ತೆಗೆದ. ದಾರಿಯುದ್ದಕ್ಕೂ ಅಜ್ಜ ಮಗುವಿನ ಬೆರಳು ಹಿಡಿದುಕೊಂಡೇ ಇದ್ದ. ಇದೊಂದು ಜೀವ ಉಳಿದರೆ ಸಾಕು, ಭಾರ ಗೀರ ಏನೂ ಬೇಡ ಅನ್ನಿಸಿತು ಅವನಿಗೆ. ಆಸ್ಪತ್ರೆಯ ಬಾಗಿಲಲ್ಲಿ "ಏನು ಕುಡಿಸಿದ್ರಿ?" ಎಂದು ಡಾಕ್ಟರಮ್ಮ ಕೇಳಿದಾಗ ಅಜ್ಜ ಏನನ್ನೂ ಮುಚ್ಚಿಡಲಿಲ್ಲ. ಸೊಸೆ ಅವನ ಮುಖ ನೋಡಿ, ಮಗುವನ್ನು ಎದೆಗವಚಿಕೊಂಡು ಒಳಗೆ ನಡೆದಳು. ಬೈದಿದ್ದರೇ ವಾಸಿಯಿತ್ತು.

ಸಂಜೆಯ ಹೊತ್ತಿಗೆ ಮಗು ಅತ್ತಿತು. ಆ ಅಳು ಕೇಳಿದ ಮೇಲೆಯೇ ಅಜ್ಜ ಬೆಂಚಿನ ಮೇಲೆ ಕೂತ.

ಡಾಕ್ಟರಮ್ಮ ಹೊರಗೆ ಬಂದರು. "ಇನ್ನು ಭಯ ಇಲ್ಲ. ಭೇದಿಯಾಗಿ ಮೈಯ ನೀರು ಹೋಗಿತ್ತು, ರಕ್ತದಲ್ಲಿ ಸಕ್ಕರೆಯೂ ಇಳಿದಿತ್ತು."

"ನಾನು ಸಕ್ಕರೆ ಹಾಕಿಯೇ ಕುಡಿಸಿದ್ನಲ್ಲಮ್ಮ. ಇಳಿಯೋದು ಹೇಗೆ?" ಎಂದ ಅಜ್ಜ.

"ಬೇಗ ಹುಟ್ಟಿದ ಕೂಸಿನ ಮೈಯಲ್ಲಿ ಕೂಡಿಟ್ಟ ಶಕ್ತಿಯ ಗಂಟು ಇರಲ್ಲಜ್ಜ. ಬೇರೆ ಏನೋ ಕುಡಿಸಿ ಎದೆಹಾಲು ಕಮ್ಮಿ ಆಯ್ತು, ಭೇದಿ ಆಯ್ತು, ಮೈ ತಣ್ಣಗಾಯ್ತು. ಇದ್ದ ಸಕ್ಕರೆಯೂ ಖರ್ಚಾಯ್ತು. ಇನ್ನೊಂದು ಮಾತು. ಭಾರ ಏರಿದೆ, ನಿಜ. ಆದ್ರೆ ಉದ್ದ, ತಲೆಯ ಸುತ್ತಳತೆ ಅದಕ್ಕೆ ತಕ್ಕಂತೆ ಬೆಳೆದಿಲ್ಲ. ಮೂರೂ ಒಟ್ಟಿಗೆ ಬೆಳೀಬೇಕು. ತಲೆ ಬೆಳೆದ್ರೆ ಮೆದುಳು ಬೆಳೀತಿದೆ ಅಂತ. ತೀರಾ ನಿಧಾನವಾಗಿ ಬೆಳೆದ್ರೂ ಕಷ್ಟ, ಬರೀ ಕೊಬ್ಬು ಬೇಗ ತುಂಬಿದ್ರೂ ಒಳ್ಳೇದಲ್ಲ. ಮುಂದೆ ಸಕ್ಕರೆ ಕಾಯಿಲೆ, ಬಿ.ಪಿ. ಬರೋ ಸಾಧ್ಯತೆ ಹೆಚ್ಚಾಗಬಹುದು."

ಬನ್ನು ತಲೆಯೆತ್ತಿದ. "ನನಗೆ ಬಂದಿರೋದೂ ಅದಕ್ಕೇನಾ ಡಾಕ್ಟ್ರೇ?"

ಅಜ್ಜ ಮಗನತ್ತ ತಿರುಗಿದ.

"ಅದಕ್ಕೇ ಅಂತ ಯಾರೂ ಹೇಳೋಕಾಗಲ್ಲ" ಎಂದರು ಡಾಕ್ಟರಮ್ಮ. "ವಂಶ, ಊಟ, ನಿದ್ದೆ, ಓಡಾಟ ಎಲ್ಲ ಸೇರಿರುತ್ತೆ. ಬೇಗ ಹುಟ್ಟಿದವರು ದೊಡ್ಡವರಾದ ಮೇಲೂ ಆಗಾಗ ತಪಾಸಣೆ ಮಾಡಿಸ್ತಿರಬೇಕು, ಅಷ್ಟೇ. ಮಗ ನಿಮ್ಮ ಮುಂದೆ ನಿಂತಿದ್ದಾನಲ್ಲಜ್ಜ. ಉಳಿಸ್ಕೊಂಡ್ರಲ್ಲ, ಅದೇ ದೊಡ್ಡದು."

ಅವರು ಒಳಗೆ ಹೋದ ಮೇಲೆ ನರ್ಸು ಅಜ್ಜನ ಪಕ್ಕ ಕೂತಳು. "ಮಾಮ, ಬನ್ನಣ್ಣ ದಿನವೆಲ್ಲ ಆ ಬ್ರೆಡ್ ಪೆಟ್ಟಿಗೆಯಲ್ಲೇ ಇರ್ತಿದ್ನಾ?"

"ದಿನವೆಲ್ಲ ಎಲ್ಲಿ ಬಂತು! ನಿಮ್ಮತ್ತೆ ಬಿಡಬೇಕಲ್ಲ? ಸೀರೆಯೊಳಗೆ ಎದೆಗೆ ಕಟ್ಕೊಂಡೇ ಓಡಾಡೋಳು. ಕಟ್ಕೊಂಡೇ ಬ್ರೆಡ್ ಕೊಡೋಳು, ಕಟ್ಕೊಂಡೇ ಮಲಗೋಳು. ಹಾಲು ಹಿಂಡಿ ತೊಟ್ಟು ತೊಟ್ಟಾಗಿ ಬಾಯಿಗೆ ಬಿಡೋಳು. ಸ್ನಾನಕ್ಕೆ ಹೋದಾಗ ಮಾತ್ರ ಪೆಟ್ಟಿಗೆ..."

ಇಷ್ಟು ವರ್ಷ, ಇಷ್ಟು ಜನಕ್ಕೆ ಅಜ್ಜ ಈ ಕಥೆ ಹೇಳಿದ್ದ. ಒಂದು ಸಲವೂ ಅವಳ ಹೆಸರು ಅದರಲ್ಲಿ ಬಂದಿರಲಿಲ್ಲ. ಹಿಟ್ಟಿನ ಕೈಯಲ್ಲೇ ಸೆರಗು ಸರಿಪಡಿಸಿಕೊಂಡು, ಕೂಸಿನ ನೆತ್ತಿ ಮೂಸಿ ನಗುತ್ತಿದ್ದ ಮುಖ ಕಣ್ಣೆದುರು ಬಂತು. ಅವಳು ತೀರಿಕೊಂಡಾಗಲೂ ಅಜ್ಜ ಅಷ್ಟು ಅತ್ತಿರಲಿಲ್ಲ. ಆ ಸಂಜೆ ಆಸ್ಪತ್ರೆಯ ಬೆಂಚಿನಲ್ಲಿ ಕೂತು ಎಲ್ಲರೆದುರಿಗೇ ಅತ್ತುಬಿಟ್ಟ.

ಮನೆಗೆ ಬಂದ ಮೇಲೆ ಸೊಸೆ ಮೆಲ್ಲಗೆ ಹೇಳಿದಳು. "ಮಾವ, ಈಸ್ಟು ಜಾಸ್ತಿ ಹಾಕಿ ಹಿಟ್ಟು ಬೇಗ ಉಬ್ಬಿಸಿದ್ರೆ ಕೆಲಸದವರಿಗೆ ನೀವೇ ಬೈತೀರಲ್ಲ?"

"ಬೈತೀನಮ್ಮ. ಒಲೆಗೆ ಹೋದ್ರೆ ಕುಸಿಯುತ್ತೆ ಅದು" ಎಂದ ಅಜ್ಜ. ತಕ್ಕಡಿಯ ತಟ್ಟೆಯಿಂದ ಟವೆಲ್ ತೆಗೆದುಬಿಟ್ಟ. ಆಮೇಲೆ ಮಗುವನ್ನು ನೋಡಲು ಬಂದಿದ್ದ ನರ್ಸಿನತ್ತ ತಿರುಗಿ ಸಂಕೋಚದಿಂದ ಕೇಳಿದ. "ಅಲ್ವೇ ಚೂರು... ಅಲ್ಲಮ್ಮ ನರ್ಸಮ್ಮ. ಎದೆಗೆ ಒರಗಿಸ್ಕೊಳ್ಳೋದು ಗಂಡಸರೂ ಮಾಡಬಹುದಾ?"

"ಕೈ ತೊಳೆದು, ನೆಗಡಿ ಜ್ವರ ಇಲ್ಲದೆ ಇದ್ರೆ ಯಾರಾದ್ರೂ ಮಾಡಬಹುದು. ಸೊಸೆಗೂ ಒಂದಿಷ್ಟು ವಿಶ್ರಾಂತಿ ಸಿಗುತ್ತೆ."

ಅಜ್ಜ ಸ್ನಾನ ಮಾಡಿ ಬಂದು, ಅಂಗಿ ಬಿಚ್ಚಿ, ಕುರ್ಚಿಗೆ ಒರಗಿ ಕೂತ. ಸೊಸೆ ಕ್ಷಣ ತಡೆದಳು. ಆಮೇಲೆ ಮಗುವನ್ನು ತಂದು ಅವನ ನರೆತ ಎದೆಯ ಮೇಲೆ ಮಲಗಿಸಿ, ಮೇಲೊಂದು ಶಾಲು ಹೊದಿಸಿದಳು. ಮಗು ಒಮ್ಮೆ ಮಿಸುಕಾಡಿ, ಕಿವಿಯನ್ನು ಅಜ್ಜನ ಎದೆಗೆ ಒತ್ತಿಕೊಂಡು ಸುಮ್ಮನಾಯಿತು. "ನಿಮ್ಮಜ್ಜಿ ಇದ್ದಿದ್ರೆ ನನಗೆ ಕೊಡ್ತಾನೇ ಇರ್ಲಿಲ್ಲ ಕಣೋ" ಎಂದ ಅಜ್ಜ.

ಅಕ್ಕಂದಿರೇ, ಅಣ್ಣಂದಿರೇ, ಅಜ್ಜ ಅಜ್ಜಿಯರೇ, ನಿಮ್ಮ ಮನೆಯಲ್ಲೂ ದಿನ ತುಂಬುವ ಮೊದಲೇ ಬಂದ ಕೂಸಿದೆಯೇ? ಅದನ್ನು ಬೇರೆ ಕೂಸಿನ ಜೊತೆ ಹೋಲಿಸಬೇಡಿ. ಮುಂಚೆ ಬಂದ ವಾರಗಳನ್ನು ಕಳೆದು ಬೆಳವಣಿಗೆ ನೋಡಿ. ಲಸಿಕೆಗೆ ಮಾತ್ರ ಹುಟ್ಟಿದ ದಿನವೇ ಲೆಕ್ಕ, ಡಾಕ್ಟರು ಬೇರೆ ಹೇಳದ ಹೊರತು ತಡ ಮಾಡಬೇಡಿ. ತಾಯಿಯ ಹಾಲು ಕೊಡಿ, ಅದಕ್ಕೆ ಏನಾದರೂ ಸೇರಿಸಬೇಕಾದರೆ ಡಾಕ್ಟರು ಹೇಳಲಿ. ಸಕ್ಕರೆ, ಬಿಸ್ಕತ್ತು, ಹಸುವಿನ ಹಾಲು ಹತ್ತಿರ ತರಬೇಡಿ. ಭಾರದ ಜೊತೆ ಉದ್ದವನ್ನೂ ತಲೆಯ ಸುತ್ತಳತೆಯನ್ನೂ ಅಳೆಸಿ. ಹಾಲು ಕುಡಿಯದಿದ್ದರೆ, ಮೈ ತಣ್ಣಗಾದರೆ ಅಥವಾ ಜ್ವರದಿಂದ ಸುಡುತ್ತಿದ್ದರೆ, ಉಸಿರು ಜೋರಾದರೆ, ಎಬ್ಬಿಸಿದರೂ ಏಳದಿದ್ದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಹೊರಡಿ. ಉಳಿದ ಹೊತ್ತೆಲ್ಲ ಎದೆಗೆ ಒರಗಿಸಿಕೊಳ್ಳಿ. ಅವಸರಪಟ್ಟು ಬಂದ ಕೂಸದು. ಬೆಳೆಯಲು ಅದಕ್ಕೆ ಪುರಸೊತ್ತು ಕೊಡಿ.